ಚೌಕಿಯ ಕನ್ನಡಿಯ ಮುಂದೆ

ಚೆರ್ಕಳದಿಂದ ಜಾಲ್ಸೂರಿಗೆ ಸಾಗುವ ಮಾರ್ಗದಲ್ಲಿ ಮುಳ್ಳೇರಿಯದ ಪೇಟೆಗೆ ಬಂದಿಳಿದವನ ಕಣ್ಣಿಗೆ ಮೊದಲು ಬೀಳುವವು ಎರಡೇ ವರ್ಣಗಳು: ಕಡಿದ ಗುಡ್ಡದ ಮುರಕಲ್ಲಿನ ಕೆಂಪು ಮತ್ತು ಕಂಗಿನ ತೋಟಗಳ ಹಸುರು. ಮಳೆಗಾಲದಲ್ಲಿ ಹಸುರಿನದೇ ಆಳ್ವಿಕೆ. ಬೇಸಗೆಯಲ್ಲಿ ಕೆಂಪು ಧೂಳು ಎಲೆಗಳ ಮೇಲೂ ಕುಳಿತಿರುತ್ತದೆ. ಆದರೆ ಈ ಸೀಮೆಯ ಜನ ಇವೆರಡರಿಂದಲೇ ತೃಪ್ತರಾದವರಲ್ಲ. ದೀಪಾವಳಿ ಕಳೆದು, ಗದ್ದೆಯ ಕೊಯ್ಲು ಮುಗಿದು, ಬಯಲಿನಲ್ಲಿ ಆಟ ಗೊತ್ತಾದ ಸಂಜೆ, ಮಡಲು ಹೊದಿಸಿದ ಚೌಕಿಯೊಳಗೆ, ಗಣಪತಿಯ ಮುಂದೆ ಹಚ್ಚಿದ ದೀಪವನ್ನು ನಮಸ್ಕರಿಸಿ ಸಾಲಾಗಿ ಕುಳಿತ ವೇಷಧಾರಿಗಳ ಎದುರಿನ ಪುಟ್ಟ ಬಟ್ಟಲುಗಳಲ್ಲಿ ಬೇರೊಂದು ವರ್ಣಪ್ರಪಂಚವೇ ಸಿದ್ಧವಾಗುತ್ತಿರುತ್ತದೆ. ರಂಗಸ್ಥಳದ ಯಕ್ಷಗಾನವನ್ನು ಕುರಿತು ಬರೆದವರು ಬಹಳ ಮಂದಿ. ಚೌಕಿಯ ಈ ಕೈಗೆಲಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಬಹುದಿನದ ಆಸೆ.

ತೆಂಕುತಿಟ್ಟಿನ ಮುಖವರ್ಣಿಕೆಗೆ ಬೇಕಾದ ಮೂಲಧನ ಅತ್ಯಲ್ಪ. ಸಪೇತದ ಬಿಳಿ, ಹಳದಿ, ಇಂಗಲೀಕದ ಕೆಂಪು, ಕಾಡಿಗೆಯ ಕಪ್ಪು, ಇವನ್ನು ಹದಗೊಳಿಸುವುದಕ್ಕೆ ತೆಂಗಿನೆಣ್ಣೆ, ಬರೆಯುವುದಕ್ಕೆ ಒಂದು ಸಪೂರ ಕಡ್ಡಿ. ಹಿಂದೆ ಹಳದಿಗಾಗಿ ಅರದಾಳವನ್ನು ಅರೆಯುತ್ತಿದ್ದರು. ಬಿಳಿ, ಹಳದಿ, ಕೆಂಪುಗಳನ್ನು ಅಂಗೈಯಲ್ಲಿ ತಿಕ್ಕಿ ಬೆರೆಸಿದಾಗ ಮುಖದ ತಳಬಣ್ಣ ಒದಗುತ್ತದೆ. ಈ ಮೂರರ ಪ್ರಮಾಣವನ್ನಾದರೋ ಪ್ರತಿಯೊಬ್ಬನೂ ತನ್ನ ಮೈಬಣ್ಣವನ್ನೂ ಅಂದಿನ ಪಾತ್ರವನ್ನೂ ರಂಗದ ಬೆಳಕನ್ನೂ ನೋಡಿಕೊಂಡು ತಾನೇ ಕಂಡುಕೊಳ್ಳತಕ್ಕದ್ದು. ದೊಂದಿಯ ಬೆಳಕಿಗೆ ಒಪ್ಪಿದ ಹದ ಗ್ಯಾಸ್‌ಲೈಟಿಗೆ ಒಪ್ಪದು. ಅದಕ್ಕೆ ಒಪ್ಪಿದ್ದು ವಿದ್ಯುದ್ದೀಪದಡಿಯಲ್ಲಿ ಬೇರೆಯೇ ಆಗಿ ಕಾಣುತ್ತದೆ.

ಈ ವಿದ್ಯೆಯ ಪರಾಕಾಷ್ಠೆಯನ್ನು ಕಾಣಬಯಸುವವರು ಬಣ್ಣದ ವೇಷದವನ ಬಳಿ ಕುಳಿತುಕೊಳ್ಳಬೇಕು. ರಾವಣಾದಿಗಳ ರಾಜಬಣ್ಣ, ಒರಟು ರಕ್ಕಸರ ಕಾಟುಬಣ್ಣ, ತಾಟಕಿ ಶೂರ್ಪನಖಿಯರ ಹೆಣ್ಣುಬಣ್ಣ ಎಂದು ಇದರಲ್ಲಿ ಭೇದಗಳುಂಟು. ಅಕ್ಕಿಯನ್ನು ನುಣ್ಣಗೆ ಅರೆದು ಸುಣ್ಣ ಬೆರೆಸಿದ ಹಿಟ್ಟನ್ನು ಕಡ್ಡಿಯ ತುದಿಯಲ್ಲಿ ಎತ್ತಿ, ಕೆಂಪು ಕಪ್ಪು ರೇಖೆಗಳ ಅಂಚಿನುದ್ದಕ್ಕೂ ಮುಳ್ಳುಮುಳ್ಳಾಗಿ ನಿಲ್ಲಿಸುತ್ತ ಹೋಗುವುದೇ ಚುಟ್ಟಿ. ಕೆನ್ನೆ ಮುಗಿದು ಹಣೆ, ಹಣೆ ಮುಗಿದು ಕಣ್ಣಿನ ಸುತ್ತ. ಗಂಟೆಗಟ್ಟಲೆ ನಡೆಯುವ ಈ ಕೆಲಸದಲ್ಲಿ ಮಾತಾಡುವಂತಿಲ್ಲ, ನಗುವಂತಿಲ್ಲ, ಕೆನ್ನೆ ಅಲುಗಿದರೆ ಇಟ್ಟದ್ದು ಉದುರುತ್ತದೆ. ಕೊನೆಗೆ ಮೂಗಿನ ತುದಿಗೆ ಹತ್ತಿಯ ಉಂಡೆಯನ್ನಿರಿಸಿ, ತಲೆಗೆ ಕೇಸರಿ ತಟ್ಟಿಯನ್ನು ಬಿಗಿದು, ತೆರೆಯ ಮರೆಯಲ್ಲಿ ಅಬ್ಬರಿಸಿದಾಗ, ಸಂಜೆ ನಮ್ಮೊಡನೆ ಚಹಾ ಕುಡಿದ ಆಸಾಮಿ ಈತನೇ ಎಂದು ನಂಬುವುದು ಕಷ್ಟ. ಬಣ್ಣದ ಕುಟ್ಯಪ್ಪು, ಬಣ್ಣದ ಮಾಲಿಂಗ ಎಂದು ಬಣ್ಣವೇ ಹೆಸರಿಗೆ ಸೇರಿಹೋದವರನ್ನೂ ಚಂದ್ರಗಿರಿ ಅಂಬುವಿನಂಥವರನ್ನೂ ಜನ ಇಂದಿಗೂ ಸ್ಮರಿಸುವುದು ಸುಮ್ಮನೆ ಅಲ್ಲ.

ಇಲ್ಲಿಂದ ತೆಂಕಣಕ್ಕೆ ಸಾಗಿದರೆ ಕಥಕಳಿಯಲ್ಲಿಯೂ ಚುಟ್ಟಿಯುಂಟು. ಆದರೆ ಅಲ್ಲಿ ನಟನು ಅಂಗಾತ ಮಲಗಿರಲು ಅದಕ್ಕೆಂದೇ ಪಳಗಿದ ಬೇರೊಬ್ಬ ಕುಶಲಿ ಅದನ್ನು ಕಟ್ಟುತ್ತಾನೆ. ತೆಯ್ಯಂ ಕಟ್ಟುವವನೂ ಹಾಗೆಯೇ ಮಲಗಿ ಇನ್ನೊಬ್ಬನ ಕೈಗೆ ಮುಖವನ್ನೊಪ್ಪಿಸುತ್ತಾನೆ. ನಮ್ಮ ಚೌಕಿಯಲ್ಲಿ ಎಡಗೈಯಲ್ಲಿ ಕನ್ನಡಿ, ಬಲಗೈಯಲ್ಲಿ ಕಡ್ಡಿ. ಬರೆಯುವ ಕೈಯೂ ಬರೆಸಿಕೊಳ್ಳುವ ಮುಖವೂ ಒಬ್ಬನದೇ. ಯಾವುದು ಮೇಲು ಎಂಬ ವಾದ ಬೇಡ. ಆದರೆ ಬಣ್ಣವು ಮನುಷ್ಯನಿಗೆ ಕೊಡುವ ಸುಖ ಅದನ್ನು ನೋಡುವುದರಲ್ಲಿರುವುದಕ್ಕಿಂತ ಸ್ವತಃ ಕಲಸಿ ಹಚ್ಚುವುದರಲ್ಲಿಯೇ ಹೆಚ್ಚೆಂಬುದು ನನಗೆ ಮನವರಿಕೆಯಾದದ್ದು ಈ ಕನ್ನಡಿಯ ಮುಂದೆಯೇ. ಬಾಲಗೋಪಾಲನ ವೇಷಕ್ಕೆ ಮೊದಲ ಸಲ ಕುಳಿತಾಗ ಹಿರಿಯರೊಬ್ಬರು ಮುಖದ ಒಂದು ಪಾರ್ಶ್ವದ ಹುಬ್ಬನ್ನು ಮಾತ್ರ ಬರೆದು, ಇನ್ನೊಂದನ್ನು ನನಗೇ ಬಿಟ್ಟುಕೊಟ್ಟರು. ಆ ವಕ್ರವಾದ ಹುಬ್ಬಿನ ಸಂತೋಷ ಇಂದಿಗೂ ಮಾಸಿಲ್ಲ.

ಊರಿನ ಹವ್ಯಾಸಿ ಆಟಗಳಲ್ಲಿ ಬಣ್ಣಕ್ಕೆ ಕೂರುವವರು ಹಗಲಿನಲ್ಲಿ ಅಧ್ಯಾಪಕರು, ಕೃಷಿಕರು, ಬ್ಯಾಂಕಿನ ಗುಮಾಸ್ತರು. ಈಚೆಗೆ ಹೆಣ್ಣುಮಕ್ಕಳೂ ಉತ್ಸಾಹದಿಂದ ಕೂರುತ್ತಿರುವುದು ಹರ್ಷದ ಸಂಗತಿ. ಅವರಿಗೆ ಈ ವರ್ಣಜ್ಞಾನ ಹೊರಗಿನಿಂದ ಬಂದದ್ದೂ ಅಲ್ಲ. ಆಶ್ಲೇಷಬಲಿಯ ಮಂಡಲಕ್ಕೆ ಅಕ್ಕಿಹುಡಿಯಿಂದ ಬಿಳಿ, ಅರಸಿನದಿಂದ ಹಳದಿ, ಸೊಪ್ಪಿನ ಹುಡಿಯಿಂದ ಹಸುರು, ಸುಟ್ಟ ಉಮಿಯಿಂದ ಕಪ್ಪು ಒದಗುವುದನ್ನು ಮನೆಯ ಮಕ್ಕಳು ಕಂಡೇ ಬೆಳೆಯುತ್ತಾರೆ. ಅರಸಿನಕ್ಕೆ ಸುಣ್ಣ ತಾಗಿದೊಡನೆ ಹಳದಿಯು ಕೆಂಪಾಗುವ ಕ್ಷಣವಂತೂ ಎಷ್ಟು ಸಲ ನೋಡಿದರೂ ಹೊಸದೇ.

ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವು 1981ರಿಂದ ಈ ವೇಷಭೂಷಣಗಳನ್ನೇ ಚಿಕ್ಕ ಬೊಂಬೆಗಳಿಗೆ ತೊಡಿಸಿ ಆಡಿಸುತ್ತ ಬಂದಿದೆ. ಗೇಣೆರಡು ಗೇಣಿನ ಮೈಯಲ್ಲಿ ತೆಂಕುತಿಟ್ಟಿನ ಬಣ್ಣಗಾರಿಕೆ ಹೇಗೆ ಅಡಗುತ್ತದೆಂಬುದನ್ನು ನೋಡಿಯೇ ತಿಳಿಯಬೇಕು.

ಇರುಳಿಡೀ ನಡೆಯುತ್ತಿದ್ದ ಆಟ ಈಗ ಅನೇಕ ಕಡೆ ಮೂರು ನಾಲ್ಕು ಗಂಟೆಗಳ ಕಾಲಮಿತಿಗೆ ಇಳಿದಿದೆ. ಅದಕ್ಕೆ ಕಾರಣಗಳಿವೆ, ಒಪ್ಪುತ್ತೇನೆ. ಆದರೆ ಆಟಕ್ಕಿಂತ ದೀರ್ಘವಾದ ಸಿದ್ಧತೆಯನ್ನು ಬೇಡುವ ಚುಟ್ಟಿಗೆ ಇದರಿಂದ ಅನ್ಯಾಯವಾಗುತ್ತಿದೆ. ಆದುದರಿಂದ ಓದುಗರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು, ನಿಮ್ಮ ಸಮೀಪದಲ್ಲಿ ಆಟವಿರುವ ದಿನ, ಚೆಂಡೆಯ ಸದ್ದು ಕೇಳುವ ತನಕ ಕಾಯದೆ ಮುಸ್ಸಂಜೆಗೇ ಹೊರಡಿ. ಮಕ್ಕಳನ್ನು ಕರೆದುಕೊಂಡು, ಅನುಮತಿ ಕೇಳಿ, ಪಾದರಕ್ಷೆಗಳನ್ನು ಹೊರಗಿಟ್ಟು ಚೌಕಿಯ ಮೂಲೆಯಲ್ಲಿ ಕುಳಿತುಕೊಳ್ಳಿ. ಚುಟ್ಟಿ ಇಡುತ್ತಿರುವವರನ್ನು ಮಾತ್ರ ಮಾತಾಡಿಸಬೇಡಿ, ಅವರು ಉತ್ತರಿಸುವಂತಿಲ್ಲ.