ಸಿಳ್ಳಿಗೊಂದು ಕಚ್ಚು

ರಾತ್ರಿ ಊಟ ಮುಗಿಸಿ ದೂರದ ನಿಲಯವೊಂದಕ್ಕೆ ರೇಡಿಯೋ ತಿರುಗಿಸಿದ್ದೀರಿ. ಮಾತು ಕೇಳಿಸುತ್ತಿದೆ; ಆದರೆ ಅದರ ಬೆನ್ನಿಗೇ ಒಂದೇ ಶ್ರುತಿಯ ಸಿಳ್ಳೊಂದು ಹತ್ತಿಕೊಂಡಿದೆ. ಧ್ವನಿ ಏರಿಸಿದರೆ ಸಿಳ್ಳೂ ಏರುತ್ತದೆ. ಇದು ಎಲ್ಲಿಂದ ಬಂತು?

ಎರಡು ಅಲೆಗಳು ಗ್ರಾಹಕ ಯಂತ್ರದಲ್ಲಿ ಬೆರೆತಾಗ ಅವುಗಳ ಕಂಪನಾಂಕಗಳ ವ್ಯತ್ಯಾಸದಷ್ಟು ಮೂರನೆಯ ಸ್ವರ ಹುಟ್ಟುತ್ತದೆ. 1978ರ ನವೆಂಬರಿನಿಂದ ನಮ್ಮ ಭಾಗದ ಮಧ್ಯಮ ತರಂಗದ ನಿಲಯಗಳ ನಡುವೆ 9 ಕಿಲೋಹರ್ಟ್ಸ್ ಅಂತರವಿದೆ. ನೆರೆಯ ಎರಡು ನಿಲಯಗಳು ಒಟ್ಟಿಗೆ ನುಗ್ಗಿದರೆ ಸೆಕೆಂಡಿಗೆ 9,000 ಕಂಪನಗಳ ಸಣ್ಣ ಸಿಳ್ಳು ಏಳುತ್ತದೆ.

ಹವ್ಯಾಸಿ ರೇಡಿಯೋಗಾರರ ಕಷ್ಟ ಇನ್ನೂ ದೊಡ್ಡದು. 40 ಮೀಟರ್ ಪಟ್ಟಿಯಲ್ಲಿ ಒಬ್ಬರು 7,100 ಕಿಲೋಹರ್ಟ್ಸ್‌ನಲ್ಲಿ ಕೆಳಪಕ್ಕದ ಮಾತು ಕೇಳುತ್ತಿರುವಾಗ 7,099ರಲ್ಲಿ ಯಾವುದೋ ಅಲೆ ನಿಂತಿದ್ದರೆ, 1,000 ಕಂಪನಗಳ ಸಿಳ್ಳು ಏಳುತ್ತದೆ. ಮಾತು ತಿಳಿಯಲು ಬೇಕಾದ 300ರಿಂದ 3,000 ಕಂಪನಗಳ ನಟ್ಟನಡುವೆಯೇ ಅದರ ಠಾಣ್ಯ!

ಸಿಳ್ಳಿದ್ದರೇನು, ಸಹಿಸಿದರಾಯಿತು ಎನ್ನುವಿರಾ? 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪೋರ್ಟ್ ಬ್ಲೇರಿನಲ್ಲಿದ್ದ ಶ್ರೀಮತಿ ಭಾರತಿ ಪ್ರಸಾದ್ ಮತ್ತು ಅವರ ಸಂಗಡಿಗ ಹವ್ಯಾಸಿಗಳು, ದ್ವೀಪಗಳಲ್ಲಿ ಬದುಕುಳಿದವರ ಸುದ್ದಿಯನ್ನು ರೇಡಿಯೋ ಮೂಲಕವೇ ಹೊರಗೆ ಮುಟ್ಟಿಸಿದರು. ಅಂಥ ಹೊತ್ತಿನಲ್ಲಿ ಹೆಸರೊಂದು ತಪ್ಪಿ ಕೇಳಿಸಿದರೆ ಒಂದು ಮನೆಯೇ ಅಳಬೇಕಾದೀತು.

ಇದಕ್ಕೆ ಪರಿಹಾರ ನಾಚ್ ಫಿಲ್ಟರು. ನಾಚ್ ಎಂದರೆ ಕಚ್ಚು. ಮೊರದ ಅಕ್ಕಿಯಿಂದ ಒಂದು ಕಲ್ಲನ್ನು ಮಾತ್ರ ಹೆಕ್ಕುವಂತೆ ಇದು ಧ್ವನಿಯಿಂದ ಒಂದೇ ಸ್ವರವನ್ನು ತೆಗೆಯುತ್ತದೆ. ಹೆನ್ರಿಯ ಹತ್ತನೆಯ ಒಂದು ಭಾಗದ ತಂತಿಸುರುಳಿಗೆ ಕಾಲು ಮೈಕ್ರೋಫ್ಯಾರಡಿನ ಕಂಡೆನ್ಸರನ್ನು ಸಾಲಾಗಿ ಜೋಡಿಸಿ, ಧ್ವನಿಯ ಹಾದಿಯಿಂದ ನೆಲಕ್ಕೆ ಕೊಟ್ಟರೆ, ಸುಮಾರು 1,000 ಕಂಪನಗಳ ಸ್ವರ ಆ ದಾರಿಯಲ್ಲಿ ಇಳಿದುಹೋಗುತ್ತದೆ. ಸುರುಳಿಯ ರೋಧ ಕಡಿಮೆಯಾದಷ್ಟೂ ಕಚ್ಚು ಆಳವಾಗುತ್ತದೆ. ಕಂಡೆನ್ಸರಿನ ಬೆಲೆ ಬದಲಿಸಿದರೆ ಕಚ್ಚಿನ ಜಾಗವೂ ಬದಲಾಗುತ್ತದೆ.

ಕಚ್ಚನ್ನು ಎಲ್ಲಿ ಹಾಕಬೇಕೆಂಬುದೂ ಮುಖ್ಯ. ಗ್ರಾಹಕ ಯಂತ್ರದಲ್ಲಿ ಧ್ವನಿಯ ಮಟ್ಟವನ್ನು ತಾನಾಗಿ ಕಾಯುವ ಏರ್ಪಾಟಿದೆ. ಬಲವಾದ ಸಿಳ್ಳು ಬಂದರೆ ಅದು ಇಡೀ ಯಂತ್ರವನ್ನೇ ತಗ್ಗಿಸುತ್ತದೆ. ಧ್ವನಿವರ್ಧಕದ ಬಳಿ ಸಿಳ್ಳನ್ನು ಕತ್ತರಿಸಿದರೆ ಕಿವಿಗೆ ಸುಖವಾದೀತು, ಆದರೆ ದೂರದ ಕ್ಷೀಣ ಮಾತು ತಗ್ಗಿಯೇ ಇರುತ್ತದೆ. ಆದುದರಿಂದ ಒಳ್ಳೆಯ ಯಂತ್ರಗಳಲ್ಲಿ ಈ ಏರ್ಪಾಟಿಗಿಂತ ಮೊದಲೇ, ಮಧ್ಯಂತರ ಕಂಪನದ ಹಂತದಲ್ಲಿ ಕಚ್ಚು ಹಾಕುತ್ತಾರೆ. ಇಂದಿನ ಹಲವು ಯಂತ್ರಗಳಲ್ಲಿ ಅಂಕಗಣಿತವೇ ಈ ಕೆಲಸ ಮಾಡಿ, ಸಿಳ್ಳನ್ನು ತಾನೇ ಹುಡುಕಿ ಅಳಿಸುತ್ತದೆ. ಮೋರ್ಸ್ ಸಂಕೇತ ಕೇಳುವಾಗ ಮಾತ್ರ ಅದನ್ನು ಆರಿಸಿಡಬೇಕು. ಮೋರ್ಸ್ ಕೂಡ ಒಂದೇ ಸ್ವರವಾದ್ದರಿಂದ ಬೇಕಾದುದೇ ಅಳಿದುಹೋದೀತು.

ಒಂದು ಮಾತು ನೆನಪಿರಲಿ. ಅಕ್ಕಿಯ ಕಲ್ಲನ್ನು ಆರಿಸಬಹುದು. ಹಿಟ್ಟಿಗೆ ಬೂದಿ ಬೆರೆತರೆ ಆರಿಸಲಾಗದು. ಚರಚರ ಸದ್ದು ಎಲ್ಲ ಕಂಪನಗಳಲ್ಲೂ ಹರಡಿರುವುದರಿಂದ ಅದಕ್ಕೆ ಕಚ್ಚು ನಾಟದು. ಅದು ಕೇಳಿಸಿದರೆ ರೇಡಿಯೋವನ್ನು ಬ್ಯಾಟರಿಯಲ್ಲಿ ನಡೆಸುತ್ತ, ಮನೆಯ ಎಲ್‌ಇಡಿ ದೀಪ, ಚಾರ್ಜರು, ಪಂಪುಗಳನ್ನು ಒಂದೊಂದಾಗಿ ಆರಿಸಿ ನೋಡಿ. ಯಾವುದನ್ನು ಆರಿಸಿದಾಗ ಸದ್ದು ನಿಂತಿತೋ ಅದೇ ಕಳ್ಳ.