ತೊಟ್ಟಿಯ ಚೆಲುವೆ, ಕೆರೆಯ ಮಾರಿ

ತಿಳಿನೇರಳೆ ಹೂಗೊಂಚಲು, ಮೇಲೆಸಳಿನ ನಡುವೆ ನವಿಲುಗಣ್ಣಿನಂತಹ ಹಳದಿ ಬೊಟ್ಟು. ಈ ಚೆಲುವಿಗೆ ಮರುಳಾಗಿಯೇ ಜನರು ಅಮೆಜಾನ್ ಸೀಮೆಯ ವಾಟರ್ ಹಯಸಿಂತನ್ನು ದೇಶದೇಶಗಳಿಗೆ ಒಯ್ದರು. ನಮ್ಮಲ್ಲಿ ಇದನ್ನು ಅಂತರಗಂಗೆಯೆಂದು ಕರೆಯುವುದುಂಟು. 19ನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದ ಈ ಅತಿಥಿ ದೋಣಿಗೂ ಬತ್ತಕ್ಕೂ ಎಡೆಯಿಲ್ಲದಂತೆ ಹಬ್ಬಿತು. ಅದನ್ನು ಹತ್ತಿಕ್ಕಲು ಅಲ್ಲಿ 1936ರಲ್ಲಿ ಶಾಸನವನ್ನೇ ಮಾಡಬೇಕಾಯಿತು.

ಅನುಕೂಲವಾದ ನೀರಿನಲ್ಲಿ ಎರಡೇ ವಾರಗಳಲ್ಲಿ ಇದು ಇಮ್ಮಡಿಯಾಗಬಲ್ಲದು. ಕುಡಿಯ ತುದಿಯಲ್ಲಿ ಮರಿಗಿಡ ಹುಟ್ಟುತ್ತದೆ; ಬೀಜವು ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಕೆರೆ ಮುಚ್ಚಿಹೋದರೆ ಮೀನುಗಳಿಗೆ ಉಸಿರೇ ಇಲ್ಲ.

ಬೆಂಗಳೂರಿನ ತೋಟಗಾರಿಕಾ ವಿಜ್ಞಾನಿಗಳು 1983ರಲ್ಲಿ ನಿಯೋಕೆಟಿನಾ ಎಂಬ ಮೂತಿಹುಳುವನ್ನು ಕಳೆಯ ಮೇಲೆ ಬಿಟ್ಟರು. ಹುಳು ಎಲೆಯನ್ನು ಕೆರೆದು ತಿಂದರೆ, ಮರಿಯು ತೊಟ್ಟನ್ನು ಕೊರೆಯುತ್ತದೆ. ಹಲವೆಡೆ ಕಳೆ ಕುಗ್ಗಿತು. ಆದರೆ ಚರಂಡಿಯ ನೀರು ಕೆರೆಗೆ ಹರಿಯುವವರೆಗೂ ಅದೇ ಗಿಡಕ್ಕೆ ಗೊಬ್ಬರ. ಹುಳು ತಿಂದುದಕ್ಕಿಂತ ಚಿಗುರಿದುದೇ ಹೆಚ್ಚು.

ಮನೆಯಂಗಳದಲ್ಲಿ ಬೆಳೆಸಿರುವವರು ಒಂದನ್ನು ಮರೆಯಬಾರದು: ತೊಟ್ಟಿಯ ನೀರು ಹೊರಕ್ಕೆ ಹರಿಯಕೂಡದು. ಹೂ ಬಾಡಿದೊಡನೆ ಅದರ ಕಡ್ಡಿಯನ್ನು ಕತ್ತರಿಸಬೇಕು. ಹೆಚ್ಚಾದ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಬೇಕು. ಕನಿಕರಪಟ್ಟು ಕೆರೆಗೆ ಬಿಟ್ಟ ಒಂದು ಗಿಡ ಊರಿನ ನೀರನ್ನೇ ನುಂಗಬಲ್ಲದು.