ಸವದತ್ತಿ ಗುಡ್ಡಕ್ಕೆ ವಯಸ್ಸೆಷ್ಟು?

ಸವದತ್ತಿ, ರಾಮದುರ್ಗ, ಯರಗಟ್ಟಿ, ಮುನವಳ್ಳಿ. ಬಸ್ಸಿನ ಬೋರ್ಡಿನ ಮೇಲೆ ನಾವು ದಿನಾ ಓದುವ ಈ ಊರುಗಳು ಭೂವಿಜ್ಞಾನದ ಪುಸ್ತಕಗಳಲ್ಲಿ ಕಲ್ಲಿನ ಹೆಸರುಗಳಾಗಿವೆ. ಕಲಾದಗಿ ಶಿಲಾಸಮೂಹದ ತೀರ ತಳದ ಪದರಿಗೆ ರಾಮದುರ್ಗದ ಹೆಸರು. ಅದರೊಳಗಿನ ಬೆಣಚುಕಲ್ಲಿಗೆ ಸವದತ್ತಿಯ ಹೆಸರು. ಅದರ ಮೇಲಿನ ಪದರಿಗೆ ಯರಗಟ್ಟಿಯದು, ಅಲ್ಲಿ ಸಿಗುವ ಜೇಡಿಗಲ್ಲಿಗೆ ಮುನವಳ್ಳಿಯದು. ಈ ಇಡೀ ಸಮೂಹವನ್ನು ಕಲಾದಗಿಯ ಹೆಸರಿನಿಂದ ಕರೆದವರು ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂರಚನೆ ಕುರಿತ ಅವರ ದೊಡ್ಡ ವರದಿ 1876ರಲ್ಲಿ ಅಚ್ಚಾಯಿತು. ಯಾವ ಪದರು ಮೇಲೆ, ಯಾವುದು ಕೆಳಗೆ ಎಂದು ಫೂಟ್ ಊರೂರು ತಿರುಗಿ ಗುರುತು ಮಾಡಿದರು. ಅದು ಎಷ್ಟು ವರ್ಷದ್ದೆಂದು ಹೇಳಲು ಮಾತ್ರ ಅವರ ಕೈಯಲ್ಲಿ ಸಾಧನವಿರಲಿಲ್ಲ. ವಿಕಿರಣಶೀಲತೆ ಪತ್ತೆಯಾದದ್ದೇ ಇಪ್ಪತ್ತು ವರ್ಷ ತಡೆದು, 1896ರಲ್ಲಿ.

ಸವದತ್ತಿಗೆ ಮುಂಚೆ ಸುತ್ತಲಿನ ನೆಲ ನೋಡೋಣ. ಕಿತ್ತೂರು ಸೀಮೆಯ ನೆಲ ಧಾರವಾಡ ಶಿಲೆಗಳದು. ಶಿವಮೊಗ್ಗದಿಂದ ಗೋವಾದವರೆಗೆ ಹಬ್ಬಿದ ಪಟ್ಟಿಯ ತುಣುಕು ಇದು. ಒಂದಾನೊಂದು ಕಾಲದ ಸಮುದ್ರದಲ್ಲಿ ಕೂತ ಹೂಳು, ಮರಳು, ಲಾವಾ ಎಲ್ಲ ಆಳಕ್ಕೆ ಇಳಿದು, ಕಾವಿಗೂ ಒತ್ತಡಕ್ಕೂ ಸಿಕ್ಕು, ಮಡಿಚಿ ನೆಟ್ಟಗೆ ನಿಂತು ರೂಪಾಂತರ ಶಿಲೆಗಳಾದವು. ಬೈಲಹೊಂಗಲ ದಾಟಿ ಬೆಳಗಾವಿಯತ್ತ ಹೋದರೆ ಎರೆಮಣ್ಣಿನ ಅಡಿಯಲ್ಲಿ ದಖ್ಖನಿನ ಕರಿಕಲ್ಲು ಸಿಗುತ್ತದೆ. ಅದು 6.6 ಕೋಟಿ ವರ್ಷದ ಆಸುಪಾಸಿನ ಲಾವಾ, ಇಲ್ಲಿನ ಲೆಕ್ಕದಲ್ಲಿ ತೀರ ಇತ್ತೀಚಿನದು. ಸವದತ್ತಿಯತ್ತ ತಿರುಗಿದರೆ ನೋಟವೇ ಬೇರೆ. ಎಲ್ಲಮ್ಮನ ಗುಡ್ಡದಲ್ಲೂ, ಮಲಪ್ರಭೆ ಗುಡ್ಡವನ್ನೇ ಸೀಳಿಕೊಂಡು ಹೊರಬೀಳುವ ನವಿಲುತೀರ್ಥದಲ್ಲೂ ಇರುವುದು ಗಟ್ಟಿ ಬೆಣಚುಕಲ್ಲು. ನೆಟ್ಟಗೆ ನಿಂತ ಹಳೆಯ ಶಿಲೆಗಳ ಸವೆದ ತಲೆಯ ಮೇಲೆ ಹಾಸಿದ ಕಲ್ಲು ಇದು. ಒಂದು ಪರ್ವತಶ್ರೇಣಿ ಎದ್ದು, ಬುಡದವರೆಗೆ ಸವೆದು ಹೋದ ಮೇಲೆ ಅದರ ಬೇರಿನ ಮೇಲೆ ನೀರು ಬಂದು ಮರಳು ಹರವಿತು. ಆ ನೀರಿನ ಅಲೆಗಳು ಮೂಡಿಸಿದ ಗೆರೆಗಳನ್ನು ಕಲಾದಗಿ ಬೆಣಚುಕಲ್ಲಿನ ಚಪ್ಪಡಿಗಳ ಮೇಲೆ ಇಂದಿಗೂ ಕಾಣಬಹುದು.

ಇವಕ್ಕೆ ವಯಸ್ಸು ಕಟ್ಟುವ ಕಸುಬು ಶುರುವಾಗುವುದು ಸುತ್ತಿಗೆಯಿಂದ. ಹವೆಗೆ ಕೊಳೆಯದ ಕೆಲವು ಕಿಲೋ ಕಲ್ಲನ್ನು ಒಡೆದು ತಂದು, ಪುಡಿ ಮಾಡಿ, ಜರಡಿ ಹಿಡಿಯುತ್ತಾರೆ. ಆಮೇಲೆ ನೀರಿನಲ್ಲಿ ಜಾಲಿಸುತ್ತಾರೆ. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಚಿನ್ನ ತೊಳೆಯುತ್ತಿದ್ದುದು ಇದೇ ವಿದ್ಯೆಯಿಂದ. ಹಗುರಾದದ್ದು ಹರಿದು ಹೋಗುತ್ತದೆ, ತೂಕದ್ದು ಉಳಿಯುತ್ತದೆ. ಉಳಿದದ್ದನ್ನು ಭಾರದ್ರವದಲ್ಲಿ ಮುಳುಗಿಸಿ, ಅಯಸ್ಕಾಂತಕ್ಕೆ ಒಡ್ಡಿ, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಸೂಜಿಯ ಮೊನೆಯಿಂದ ಒಂದೊಂದೇ ಹರಳನ್ನು ಆರಿಸುತ್ತಾರೆ. ಯಂತ್ರಗಳು ಎಷ್ಟೇ ಬರಲಿ, ಈ ಆರಿಸುವ ಕೆಲಸ ಈಗಲೂ ಕಣ್ಣಿನದು, ತಾಳ್ಮೆಯದು.

ಹುಡುಕುವ ಮುಖ್ಯ ಹರಳು ಜಿರ್ಕಾನ್. ಕೂದಲೆಳೆಯಷ್ಟು ದಪ್ಪವಿದ್ದರೂ ಸಾಕು. ಶಿಲಾರಸ ಆರುವಾಗ ಹುಟ್ಟುವ ಈ ಹರಳು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೊರಗೇ ಇಡುತ್ತದೆ. ಹಾಗಾಗಿ ಇಂದು ಅದರೊಳಗೆ ಸಿಗುವ ಸೀಸ ಬಹುಮಟ್ಟಿಗೆ ಅಲ್ಲೇ ಯುರೇನಿಯಂ ಸವೆದು ಆದದ್ದು. ಯುರೇನಿಯಂ-238 ಅರ್ಧ ಸವೆಯಲು 447 ಕೋಟಿ ವರ್ಷ ಬೇಕು, ಯುರೇನಿಯಂ-235ಕ್ಕೆ 70.4 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಉತ್ತರ ಕೊಟ್ಟರೆ ನಂಬಬಹುದು, ಕೊಡದಿದ್ದರೆ ನಡುವೆ ಹರಳಿನಿಂದ ಸೀಸ ಸೋರಿರಬಹುದು. ಇಷ್ಟು ಚೊಕ್ಕ ತಪಾಸಣೆ ತನ್ನೊಳಗೇ ಇರುವ ಅಳತೆ ವಿಜ್ಞಾನದಲ್ಲಿ ಅಪರೂಪ.

ಪರ್ವತದ ಬೇರಿನಲ್ಲಿ ಬೆಂದ ಕಲ್ಲಿಗೆ ಒಂದೇ ವಯಸ್ಸು ಇರುವುದಿಲ್ಲ. ನಯಗೊಳಿಸಿದ ಜಿರ್ಕಾನ್ ಹರಳಿಗೆ ಇಲೆಕ್ಟ್ರಾನ್ ಕಿರಣ ಬಿಟ್ಟರೆ ಹೆಚ್ಚಿದ ಉಳ್ಳಾಗಡ್ಡಿಯ ಹಾಗೆ ಸುತ್ತುಗಳು ಕಾಣುತ್ತವೆ. ನಡುವಿನ ತಿರುಳು ಹಳೆಯ ಬೆಂಕಿಕಲ್ಲಿನಿಂದ ಬಂದದ್ದು, ಹೊರಗಿನ ತೆಳು ಅಂಚು ಪರ್ವತ ಏಳುವಾಗಿನ ಕಾವಿನಲ್ಲಿ ಬೆಳೆದದ್ದು. ಒಂದು ಮಿಲಿಮೀಟರಿನ ಐವತ್ತನೇ ಒಂದರಷ್ಟು ಅಗಲದ ಚುಕ್ಕೆಯ ಮೇಲೆ ಅಯಾನ್ ಕಿರಣ ಬಿಟ್ಟು ತಿರುಳನ್ನೂ ಅಂಚನ್ನೂ ಬೇರೆ ಬೇರೆ ಅಳೆಯಬೇಕು. ಮೊನಜೈಟ್ ಹರಳು ರೂಪಾಂತರದ ಹೊತ್ತಿಗೇ ಹುಟ್ಟುವುದರಿಂದ ಬೆಂದ ಕಾಲವನ್ನು ನೇರವಾಗಿ ಹೇಳುತ್ತದೆ. ಕಾಗೆಬಂಗಾರದ, ಅಂದರೆ ಅಭ್ರಕದ, ಕೆಲಸ ಇನ್ನೊಂದು. ಅದರಲ್ಲಿನ ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್ ಅನಿಲ ಬಿಸಿಯಲ್ಲಿ ನಿಲ್ಲದು. ಕರಿ ಅಭ್ರಕವಾದರೆ ಸುಮಾರು 300 ಡಿಗ್ರಿಗೆ ತಣ್ಣಗಾದ ಮೇಲಷ್ಟೇ ಅದು ಒಳಗೆ ಉಳಿಯತೊಡಗುತ್ತದೆ. ಪರ್ವತದ ಮೈ ಸವೆದು, ಆಳದ ಕಲ್ಲು ಮೇಲೇರಿ ಆರಿದ ಕಾಲ ಅಲ್ಲಿ ದಾಖಲಾಗಿರುತ್ತದೆ. ಕಲ್ಲಿನ ವಯಸ್ಸು ಎಂದು ಒಂದೇ ಅಂಕಿ ಬರೆದು ಕೈತೊಳೆದುಕೊಳ್ಳುವ ಸುದ್ದಿಗಳನ್ನು ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ. ಯಾವ ಹರಳಿನದು, ಯಾವ ಘಟನೆಯದು ಎಂದು ಹೇಳದ ಅಂಕಿ ಅರ್ಧ ಸುದ್ದಿ.

ನಮ್ಮ ನಾಡಿನ ಲೆಕ್ಕ ಒಂದೇ ದಿನಕ್ಕೆ ತಯಾರಾದದ್ದಲ್ಲ. ಭೂಮಿಯ ಕಾಲಮಾನಕ್ಕೆ ಅಡಿಪಾಯ ಹಾಕಿದ ಆರ್ಥರ್ ಹೋಮ್ಸ್ 1955ರಲ್ಲೇ ಭಾರತ ಮತ್ತು ಸಿಂಹಳದ ಪ್ರಾಚೀನ ಶಿಲೆಗಳ ಕಾಲ ಕುರಿತು ಲೇಖನ ಬರೆದರು. ಹಾಸನದ ಗೊರೂರಿನ ನೈಸ್ ಶಿಲೆಗೆ ಸುಮಾರು 330 ಕೋಟಿ ವರ್ಷ ಎಂಬ ಅಳತೆ 1980ರ ಹೊತ್ತಿಗೆ ಬಂತು. ಕಿತ್ತೂರಿನ ಕಲ್ಲು ಸೇರುವ ಪಟ್ಟಿಯಲ್ಲೇ ತೆಂಕಣಕ್ಕೆ, ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಯ ಜಿರ್ಕಾನ್ ಸುಮಾರು 260 ಕೋಟಿ ಎನ್ನುತ್ತದೆ. ಧಾರವಾಡ ಶಿಲೆಗಳು ಒತ್ತಿ ಬೆಂದ ಕೊನೆಯ ದೊಡ್ಡ ಕಾಲ 250 ಕೋಟಿಯ ಸುತ್ತಮುತ್ತ.

ಹಾಗಾದರೆ ಸವದತ್ತಿಯ ಮರಳು ಕೂತದ್ದು ಯಾವಾಗ? ಮರಳುಗಲ್ಲನ್ನು ನೇರ ಕೇಳಿ ಪ್ರಯೋಜನವಿಲ್ಲ. ಅದರೊಳಗಿನ ಜಿರ್ಕಾನ್ ಹೇಳುವುದು ಸವೆದು ಹೋದ ಹಳೆಯ ಬೆಟ್ಟದ ವಯಸ್ಸನ್ನು. ಆದ್ದರಿಂದ ಎರಡೂ ಕಡೆಯಿಂದ ಮುತ್ತಿಗೆ ಹಾಕಬೇಕು. ತಳದ ಬೇರಿಗಿಂತ ಮರಳು ಕಿರಿದು, ಅದು ಖಚಿತ. ಕಲಾದಗಿ ಪದರುಗಳನ್ನು ಸೀಳಿ ನುಗ್ಗಿದ ಮಲ್ಲಾಪುರದ ಅಗ್ನಿಶಿಲೆಗಿಂತ ಹಿರಿದು, ಅದೂ ಖಚಿತ. ಆ ಅಗ್ನಿಶಿಲೆಯನ್ನು ಶಿಲ್ಪಾ ಪಾಟೀಲ ಪಿಳ್ಳೈ, ಕಾಂಚನ ಪಾಂಡೆ ಮತ್ತು ವಿವೇಕ ಕಾಳೆ ಆರ್ಗಾನ್ ವಿಧಾನದಿಂದ ಅಳೆದು 2018ರಲ್ಲಿ ಪ್ರಕಟಿಸಿದ ವಯಸ್ಸು 115.4 ಕೋಟಿ ವರ್ಷ, 40 ಲಕ್ಷ ಆಚೀಚೆ. ಈ ವಿಧಾನದಲ್ಲಿ ಕಲ್ಲಿನ ಚೂರನ್ನು ಅಣುಸ್ಥಾವರದ ನ್ಯೂಟ್ರಾನ್‌ಗಳಿಗೆ ಒಡ್ಡಿ, ಮೆಟ್ಟಿಲು ಮೆಟ್ಟಿಲಾಗಿ ಕಾಯಿಸಿ, ಹೊರಬಿದ್ದ ಅನಿಲವನ್ನು ಅಳೆಯುತ್ತಾರೆ. ಮೇಲಿನ ಗಡಿ 115, ಕೆಳಗಿನದು 250. ನಡುವಿನ 135 ಕೋಟಿ ವರ್ಷದಲ್ಲಿ ಎಲ್ಲೋ ಎಲ್ಲಮ್ಮನ ಗುಡ್ಡದ ಮರಳು ನೆಲಕ್ಕೆ ಕೂತಿತು.

ಹಳೆಯ ಶಿಲೆಯ ಮೇಲೆ ಹೊಸದು ಕೂತ ಇನ್ನೊಂದು ಸಂಧಿ ರಾಮದುರ್ಗದ ಬಳಿ ಇದೆ. ಓರೆಯಾಗಿ ಬಾಗಿದ ಕಲಾದಗಿ ಪದರುಗಳ ಮೇಲೆ ಬಾದಾಮಿ ಮರಳುಗಲ್ಲು ಮಟ್ಟಸವಾಗಿ ಕೂತಿದೆ. ಬಾದಾಮಿಯ ಗುಹಾಲಯಗಳನ್ನು ಕೊರೆದದ್ದು ಇದೇ ಮರಳುಗಲ್ಲಿನಲ್ಲಿ. ಕಲ್ಲುಗಣಿಗೋ ರಸ್ತೆಗೋ ಇಂಥ ಸಂಧಿ ಹೋಯಿತೆಂದರೆ ಪ್ರಯೋಗಾಲಯದ ಅಂಕಿಗೆ ನಿಲ್ಲಲು ನೆಲೆಯೇ ತಪ್ಪುತ್ತದೆ, ಯಾವುದರ ಮೇಲೆ ಯಾವುದು ಎಂಬ ಸಾಕ್ಷಿ ಇರುವುದು ಅಲ್ಲೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಉಡುಪಿಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗದ ಮರಡಿಹಳ್ಳಿ, ಕೋಲಾರದ ಪೆದ್ದಪಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಾಗಿವೆ. ಆ ಪಟ್ಟಿಯಲ್ಲಿ ಮಲಪ್ರಭೆಯ ದಂಡೆಗೂ ಒಂದು ಜಾಗ ಸಿಗಬೇಕು, ಮೊದಲ ಅರ್ಜಿ ರಾಮದುರ್ಗದಿಂದಲೇ ಹೋಗಲಿ.